ಹುಳುಮನೆಯಲ್ಲಿ ಐದು ದಿನ: ಒಂದು ನೀಲಗಾರ ಮೇಳದ ಧ್ವನಿಮುದ್ರಣ

ಮೊದಲ ದಿನ

ಚಿಕ್ಕಲ್ಲೂರು ಜಾತ್ರೆ ಜನವರಿಯ ಹುಣ್ಣಿಮೆಗೆ, ಕಪ್ಪಡಿ ಜಾತ್ರೆ ಶಿವರಾತ್ರಿಗೆ. ನೀಲಗಾರ ಮೇಳವೊಂದನ್ನು, ಅಂದರೆ ಮಂಟೇಸ್ವಾಮಿ ಕಾವ್ಯ ಹಾಡುವ ತಂಡವನ್ನು, ಕೂರಿಸಿ ರೆಕಾರ್ಡ್ ಮಾಡಬೇಕೆಂದರೆ ಇವೆರಡರ ನಡುವಿನ ಐದಾರು ವಾರವೇ ತಕ್ಕ ಹೊತ್ತು. ಜಾತ್ರೆಯ ಬೆನ್ನಿಗೇ ಹೋದರೆ ರಾತ್ರಿಯಿಡೀ ಹಾಡಿದ ಗಂಟಲು ಇನ್ನೂ ಒಡಕಾಗಿರುತ್ತದೆ. ತೀರಾ ತಡವಾದರೆ ಮೇಳ ಮತ್ತೆ ಜೋಳಿಗೆ ಹಾಕಿಕೊಂಡು ಹೊರಟಿರುತ್ತದೆ, ಬಿಸಿಲೂ ಏರಿ ಫ್ಯಾನಿಲ್ಲದೆ ಕೂರಲಾಗುವುದಿಲ್ಲ. ಫ್ಯಾನ್ ತಿರುಗಿದರೋ, ತಂಬೂರಿಯ ನಾದ ತುಂಡುತುಂಡಾಗಿ ಕೇಳುತ್ತದೆ. ಅದಕ್ಕೇ ಫೆಬ್ರವರಿ ಮೊದಲ ವಾರ.

ಬೆಂಗಳೂರಿಂದ ಕನಕಪುರ, ಹಲಗೂರು, ಮಳವಳ್ಳಿ, ಆಮೇಲೆ ಕಾವೇರಿ ದಾಟಿ ಕೊಳ್ಳೇಗಾಲ. ಸುಮಾರು 140 ಕಿ.ಮೀ. ಅಲ್ಲಿಂದ ಮುಂದೆ ಒಳದಾರಿ. ಈ ರಸ್ತೆಯ ಉದ್ದಕ್ಕೂ ಕಾವ್ಯದ ಊರುಗಳೇ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಧರೆಗೆ ದೊಡ್ಡವರ ಗದ್ದುಗೆ, ಅಂದರೆ ಮಂಟೇಸ್ವಾಮಿಯದು. ಅಲ್ಲಿ ಮಠ ಕಟ್ಟಲು ಕಬ್ಬಿಣ ಬೇಕೆಂದು ಅವರ ಶಿಷ್ಯ ಸಿದ್ದಪ್ಪಾಜಿ ಭಿಕ್ಷೆಗೆ ಬಂದು ನಿಂತದ್ದು ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಮುಂದೆ. ಅವರು ಇಲ್ಲವೆಂದದ್ದು, ಮುಂದೆ ನಡೆದ ಪವಾಡ, ಇದನ್ನು ಹಾಡುವ ಭಾಗವೇ ಹಲಗೂರಿನ ಸಾಲು. ಈ ಆಲ್ಬಂನ ನಡುಗಂಬವೂ ಅದೇ. ಇಡೀ ಕಾವ್ಯಕ್ಕೆ ಹಲವು ರಾತ್ರಿ ಬೇಕು. ಆಲ್ಬಂಗೆ 70 ನಿಮಿಷ ಸಿಕ್ಕರೆ ಹೆಚ್ಚು. ಎಲ್ಲ ಸಾಲಿನಿಂದ ಹತ್ತು ಹತ್ತು ನಿಮಿಷ ಕೀಳುವುದಕ್ಕಿಂತ ಒಂದು ಸಾಲನ್ನು ಉಸಿರು ಬಿಟ್ಟು ಹಾಡಲು ಬಿಡುವುದು ಲೇಸೆಂದು ಮೊದಲೇ ಮಾತಾಗಿತ್ತು.

ಮೇಳದಲ್ಲಿ ಆರು ಮಂದಿ. ತಂಬೂರಿ ಹಿಡಿದು ಕಥೆ ನಡೆಸುವ ತಾತನಿಗೆ ಎಪ್ಪತ್ತು ದಾಟಿದೆ. ದಮ್ಮಡಿ ಎಂಬ ಸಣ್ಣ ಚರ್ಮವಾದ್ಯ ಮಗನದು, ಗಗ್ಗರವೆಂಬ ಲೋಹದ ಗೆಜ್ಜೆವಾದ್ಯ ತಮ್ಮನದು, ತಾಳ ಮೊಮ್ಮಗನದು. ಸೊಲ್ಲು ಹಿಡಿಯುವ, ಅಂದರೆ ತಾತನ ಹಾಡನ್ನು ಎತ್ತಿಕೊಂಡು ಹಾಡುವ ಇಬ್ಬರೂ ತಾತನ ಜೊತೆಯಲ್ಲೇ ಹಾಡುತ್ತ ಮುದುಕರಾದ ಗೆಳೆಯರು.

ಮೊದಲ ಕೆಲಸ ಜಾಗ ಹುಡುಕುವುದು. ಮನೆಯ ಹಾಲ್ ಆರ್‌ಸಿಸಿ ಸೂರಿನದು. ನಡುವೆ ನಿಂತು ಒಂದು ಚಪ್ಪಾಳೆ ಹೊಡೆದರೆ ಸಾಕು, ಎದುರುಬದುರು ಗೋಡೆಗಳ ನಡುವೆ ಸದ್ದು ಟರ್ರೆಂದು ಓಡಾಡುವುದು ಕೇಳುತ್ತದೆ. ಆ ಕೋಣೆಯಲ್ಲಿ ತಾಳ ತಟ್ಟಿದರೆ ಉಳಿದದ್ದೆಲ್ಲ ಮುಳುಗಿತು. ಹಿತ್ತಲಲ್ಲಿ ರೇಷ್ಮೆ ಹುಳುಮನೆ ಖಾಲಿಯಿತ್ತು. 30 ಅಡಿ ಉದ್ದ, 18 ಅಡಿ ಅಗಲ, ಮಂಗಳೂರು ಹೆಂಚು, ನಡುವೆ ಏರಿ ಇಕ್ಕೆಲಕ್ಕೂ ಇಳಿಯುವ ಸೂರು. ಸೂರು ಇಳಿಜಾರಾಗಿದ್ದರೆ ಸದ್ದು ನೆಲ ಮತ್ತು ಛಾವಣಿಯ ನಡುವೆ ಪುಟಿಯುವುದಿಲ್ಲ. ಅಷ್ಟೇ ಸಾಕು, ಅರ್ಧ ತೊಂದರೆ ಕಳೆದಂತೆ.

ಉಳಿದರ್ಧಕ್ಕೆ ಅಲ್ಲೇ ಇದ್ದ ಸಾಮಾನು ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಒಂದೊಂದು 6 ಅಡಿಗೆ 4 ಅಡಿ. ಅದರ ಮೇಲೆ ಸುರುಳಿಸುರುಳಿಯಾಗಿ ನಿಂತ ಬಿದಿರಿನ ಪಟ್ಟಿಗೆ ತಾಕಿದ ಸದ್ದು ಒಂದೇ ಕಡೆಗೆ ವಾಪಸಾಗದೆ ಚದುರುತ್ತದೆ. ಆದರೆ ಚಂದ್ರಿಕೆ ಸದ್ದನ್ನು ಚದುರಿಸುತ್ತದೆಯೇ ಹೊರತು ಹೀರುವುದಿಲ್ಲ. ಹೀರಲು ಕಂಬಳಿಯೇ ಬೇಕು. ಹಾಗಾಗಿ ಉದ್ದದ ಗೋಡೆಗೆ ಒಂಬತ್ತು ಚಂದ್ರಿಕೆಯನ್ನು ಸ್ವಲ್ಪ ಓರೆಯಾಗಿ ಒರಗಿಸಿ, ಅವುಗಳ ಹಿಂದೆ ಒಂದು ಗೇಣು ಜಾಗ ಬಿಟ್ಟು ಕಂಬಳಿ ಇಳಿಬಿಡಲಾಯಿತು. ಕಂಬಳಿಯನ್ನು ಗೋಡೆಗೆ ಅಂಟಿಸಿದರೆ ಬರೀ ಚುರುಕು ಸದ್ದು ಹೀರುತ್ತದೆ, ದಪ್ಪ ಸದ್ದು ಹಾಗೇ ಉಳಿಯುತ್ತದೆ. ಆ ಗೇಣಿನ ಅಂತರವೇ ಮುಖ್ಯ. ಊಜಿ ನೊಣ ಬಾರದಿರಲೆಂದು ಕಿಟಕಿಗೆ ಹೊಡೆದ ನೈಲಾನ್ ಬಲೆಯಿಂದ ಹೊರಗಿನ ಸದ್ದೆಲ್ಲ ಒಳಗೆ ಬರುತ್ತಿತ್ತು. ಅಲ್ಲಿಗೆ ರಾಗಿಹುಲ್ಲು ತುಂಬಿದ ಗೋಣಿಚೀಲ.

ಒಂದೇ ಒಂದು ವಿಷಯ ಎಣಿಕೆಗೆ ಸಿಕ್ಕಿರಲಿಲ್ಲ. ಹಿಂದಿನ ಬೆಳೆ ಮುಗಿದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರಿನಿಂದ ತೊಳೆದಿದ್ದರು. ಆ ಘಾಟು ಗೋಡೆಗೆ ಅಂಟಿತ್ತು. ಒಳಗೆ ಐದು ನಿಮಿಷ ನಿಂತರೆ ಗಂಟಲು ಕೆರೆಯುತ್ತಿತ್ತು. ರಾತ್ರಿಯಿಡೀ ಬಾಗಿಲು ತೆರೆದಿಟ್ಟು, ಬೆಳಿಗ್ಗೆ ನೆಲವನ್ನು ಬರೀ ನೀರಲ್ಲಿ ಎರಡು ಸಲ ಒರೆಸಿದ ಮೇಲೆ ಹೋಯಿತು. ಹುಳುಮನೆ ಆರಿಸುವವರು ತೊಳೆದು ವಾರ ಕಳೆದಿದೆಯೇ ಎಂದು ಕೇಳಿಕೊಳ್ಳಬೇಕು. ಪಕ್ಕದ ಮನೆಯಲ್ಲಿ ಹುಳು ಕೊನೆಯ, ಐದನೇ ಹಂತದಲ್ಲಿದೆಯೇ ಎಂದೂ ಕೇಳಬೇಕು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತಿರುತ್ತದೆ, ಮೈಕಿಗೆ ಸ್ಪಷ್ಟವಾಗಿ ಕೇಳುತ್ತದೆ.

ಎರಡನೇ ದಿನ

ಬೆಳಿಗ್ಗೆ ವಾದ್ಯಗಳ ತಯಾರಿ. ತಂಬೂರಿಗೆ ನಾಲ್ಕು ತಂತಿ, ಮೂರು ಉಕ್ಕಿನವು, ಒಂದು ಹಿತ್ತಾಳೆ. ಹಳೆಯ ತಂತಿಗೆ ಬೆವರು ಕೂತು ಮಂಕಾಗಿತ್ತು. ಹೊಸದನ್ನು ಮುದ್ರಣದ ದಿನವೇ ಹಾಕಬಾರದು, ಒಂದು ದಿನ ಜಗ್ಗಿ ಜಗ್ಗಿ ಇಳಿಯುತ್ತಲೇ ಇರುತ್ತದೆ. ಇವತ್ತು ಹಾಕಿದರೆ ನಾಳೆ ರಾತ್ರಿಗೆ ನಿಲ್ಲುತ್ತದೆ. ಒಂದು ಬಿರಡೆ ಜಾರುತ್ತಿತ್ತು, ಸೀಮೆಸುಣ್ಣ ತೀಡಿ ಕೂರಿಸಿದ್ದಾಯಿತು. ತಂತಿ ಹೊರುವ ಕುದುರೆಯ ಮೇಲೆ ತಂತಿಯಡಿ ಇಡುವ ಜೀವಾಳದ ನೂಲನ್ನು ತಾತ ತಾನೇ ಸರಿಪಡಿಸಿದರು. ಪಂಚೆಯಂಚಿನಿಂದ ಒಂದೆಳೆ ಹಿರಿದು, ಎಂಜಲು ಹಚ್ಚಿ ಹೊಸೆದು, ತಂತಿಯಡಿ ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುತ್ತ ಮೀಟಿದರು. ಮೊದಲು ಟಣ್ಣೆಂದು ಸತ್ತುಹೋಗುತ್ತಿದ್ದ ತಂತಿ ಒಂದು ಜಾಗಕ್ಕೆ ಬಂದಾಗ ಜೇನು ಗುಂಯ್ಗುಟ್ಟಿದಂತೆ ಎದ್ದು ನಿಂತಿತು. ಅಲ್ಲಿಗೆ ಕೈ ನಿಲ್ಲಿಸಿದರು.

ದಮ್ಮಡಿಗೆ ಮೇಕೆ ಚರ್ಮ. ಈಗ ಹಲವು ಮೇಳಗಳು ಪ್ಲಾಸ್ಟಿಕ್ ಹಾಳೆಯ ದಮ್ಮಡಿ ಹಿಡಿಯುತ್ತವೆ. ಹದ ಕಾಯುವ ಗೊಡವೆಯಿಲ್ಲ, ಆದರೆ ಪ್ರತಿ ಪೆಟ್ಟಿನ ತುದಿಯಲ್ಲೂ ಡಬ್ಬಿ ಬಡಿದ ಸದ್ದು ಉಳಿಯುತ್ತದೆ. ಮೈಕಿನ ಮುಂದೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಚರ್ಮದ್ದಾದರೆ ರಾತ್ರಿ ಹನ್ನೊಂದರ ಮೇಲೆ ತಂಪಿಗೆ ಸಡಿಲಾಗುತ್ತದೆ. ಹುಲ್ಲಿನ ಉರಿಗೆ ಅರ್ಧ ನಿಮಿಷ ಹಿಡಿದರೆ ಬಿಗಿಯುತ್ತದೆ, ಹತ್ತು ಹದಿನೈದು ನಿಮಿಷಕ್ಕೆ ಮತ್ತೆ ಇಳಿಯುತ್ತದೆ. ಆದ್ದರಿಂದ ದಮ್ಮಡಿ ಎರಡಿರಬೇಕು, ಒಂದು ಕೈಯಲ್ಲಿ, ಇನ್ನೊಂದು ಬೆಂಕಿಯ ಬಳಿ. ತೀರಾ ಹತ್ತಿರ ಹಿಡಿದರೆ ಅಂಚಿನ ಹತ್ತಿರ ಸಣ್ಣ ಸೀಳು ಬಿಡುತ್ತದೆ. ಬಿಟ್ಟ ಮೇಲೆ ಆ ಚರ್ಮ ಮುಗಿಯಿತು.

ಮಧ್ಯಾಹ್ನ ತಪ್ಪು ದಾರಿ ಹಿಡಿದದ್ದು. ತಾತನನ್ನು ಹುಳುಮನೆಯಲ್ಲಿ, ಸೊಲ್ಲಿನವರನ್ನು ಪಕ್ಕದ ಸೊಪ್ಪಿನ ಕೋಣೆಯಲ್ಲಿ ಕೂರಿಸಿ, ಎಲ್ಲರ ಕಿವಿಗೂ ಹೆಡ್‌ಫೋನ್ ಕೊಟ್ಟು ನೋಡಲಾಯಿತು. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಬೀಳದಿದ್ದರೆ ಆಮೇಲೆ ಹೆಚ್ಚುಕಡಿಮೆ ಮಾಡುವುದು ಸುಲಭ, ಸ್ಟುಡಿಯೋಗಳೆಲ್ಲ ಮಾಡುವುದೂ ಹಾಗೇ. ಇಲ್ಲಿ ಅದು ಎರಡು ಕಡೆ ಕೈಕೊಟ್ಟಿತು. ತನ್ನ ದನಿ ಕಿವಿಯೊಳಗೇ ದೊಡ್ಡದಾಗಿ ಕೇಳಿದ ಕೂಡಲೇ ತಾತ ಮೆಲ್ಲಗೆ ಹಾಡತೊಡಗಿದರು, ಶ್ರುತಿಯೂ ಕೆಳಗೆ ಜಾರಿತು. ಸೊಲ್ಲಿನವರು ಪ್ರತಿ ಸಲ ಒಂದು ಚೂರು ತಡವಾಗಿ ಎತ್ತಿಕೊಂಡರು.

ಎರಡನೆಯದರ ಕಾರಣ ತಿಳಿಯಲು ಮೇಳ ಹಾಡುವ ಬಗೆ ಗೊತ್ತಿರಬೇಕು. ಹೇಳುವವರು ಸಾಲನ್ನು ಕೊನೆಯವರೆಗೆ ಹಾಡುವುದೇ ಇಲ್ಲ. ಕಡೆಯ ಎರಡು ಮೂರು ಅಕ್ಷರ ಇರುವಾಗಲೇ ಸೊಲ್ಲಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ಹೇಳುವವರಿಗೆ ಉಸಿರು ಸಿಗುತ್ತದೆ. ಎಪ್ಪತ್ತು ದಾಟಿದ ಎದೆ ರಾತ್ರಿಯೆಲ್ಲ ನಡೆಯುವುದು ಈ ಕೊಡುಕೊಳ್ಳುವಿಕೆಯಿಂದಲೇ. ಯಾವಾಗ ಎತ್ತಿಕೊಳ್ಳಬೇಕೆಂಬುದು ಸೊಲ್ಲಿನವರಿಗೆ ತಿಳಿಯುವುದು ಕಿವಿಯಿಂದಲ್ಲ, ಕಣ್ಣಿಂದ. ತಾತನ ಗದ್ದ ಸ್ವಲ್ಪ ಮೇಲೇಳುತ್ತದೆ, ತಂಬೂರಿ ಹಿಡಿದ ಭುಜ ಇಳಿಯುತ್ತದೆ, ಅಷ್ಟೇ. ನಡುವೆ ಗೋಡೆ ಬಂದರೆ ಆ ಗದ್ದ ಕಾಣುವುದಿಲ್ಲ. ಸೊಲ್ಲು ತಡವಾದಷ್ಟೂ ತಾತ ಸಾಲನ್ನು ಎಳೆಯಬೇಕು, ಎಳೆದಷ್ಟೂ ಉಸಿರು ಸಾಲದು. ಮೂರು ಸಲ ಮಾಡಿ ನೋಡಿದ ಮೇಲೆ ತಾತ ಹೆಡ್‌ಫೋನ್ ತೆಗೆದು ನೆಲದ ಮೇಲಿಟ್ಟರು. “ಎದುರ್ಗೆ ಕುಂತ್ರೆ ಪದ ಬತ್ತದೆ ಕನಪ್ಪ, ಗೋಡೆಗೆ ಹೆಂಗ್ ಹೇಳದು?” ಅಂದರು.

ಸಂಜೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದ್ದು ಹೀಗೆ. ಚಾಪೆಯ ಮೇಲೆ ಅರ್ಧಚಂದ್ರಾಕಾರ, ನಡುವೆ ತಾತ, ಎದುರಿಗೆ ಓರೆಯಾಗಿ ಒಂದೂವರೆ ಮೀಟರ್ ದೂರದಲ್ಲಿ ಸೊಲ್ಲಿನ ಇಬ್ಬರು, ಬಲಕ್ಕೆ ದಮ್ಮಡಿ, ಎಡಕ್ಕೆ ಗಗ್ಗರ. ತಾತನಿಗೆ ಶೂರ್ ಎಸ್‌ಎಂ58 ಮೈಕು, ಬಾಯಿಂದ 25 ಸೆಂ.ಮೀ. ದೂರಕ್ಕೆ, ಹಣೆಯ ಮಟ್ಟದಿಂದ ಕೆಳಮುಖವಾಗಿ. ಕೆಳಗಿನಿಂದ ಇಟ್ಟರೆ ತಂಬೂರಿಯ ಬುರುಡೆಯೇ ದನಿಗಿಂತ ಮುಂದೆ ಬರುತ್ತದೆ. ಧ್ವನಿವರ್ಧಕಕ್ಕೆ ಹಾಡಿ ಅಭ್ಯಾಸವಾದವರು ಮೈಕನ್ನು ತುಟಿಗೇ ತಂದುಕೊಳ್ಳುತ್ತಾರೆ, ಆಗ ದನಿ ಕೊಡದೊಳಗಿನಿಂದ ಬಂದಂತೆ ದಪ್ಪವಾಗುತ್ತದೆ. ಬೇಡವೆಂದು ಹೇಳಿ ಪ್ರಯೋಜನವಿಲ್ಲ, ಕಥೆಯ ಕಾವಿನಲ್ಲಿ ಮರೆತೇಹೋಗುತ್ತದೆ. ಮೈಕಿನ ಮುಂದೆ 15 ಸೆಂ.ಮೀ. ದೂರಕ್ಕೆ ದೊಡ್ಡ ಬಟ್ಟೆಯ ಪಾಪ್ ಫಿಲ್ಟರ್ ನಿಲ್ಲಿಸಿದರೆ ಬಾಯಿ ಅಲ್ಲಿಗೇ ನಿಲ್ಲುತ್ತದೆ.

ತಂಬೂರಿಗೆ ಸಣ್ಣ ಕಂಡೆನ್ಸರ್ ಮೈಕು, ಕುದುರೆಯ ಕಡೆಗೆ, ಒಂದು ಗೇಣು ದೂರ. ದಮ್ಮಡಿಗೆ ಎಸ್‌ಎಂ57, ಅಂಚಿನ ಕಡೆಯಿಂದ ಓರೆಯಾಗಿ 35 ಸೆಂ.ಮೀ. ನೇರ ನಡುವಿಗೆ ತೋರಿಸಿದರೆ ಪ್ರತಿ ಪೆಟ್ಟಿಗೂ ಗಾಳಿ ಉಬ್ಬಿ ಬಂದು ಮೈಕಿಗೆ ಬಡಿಯುತ್ತದೆ. ಸೊಲ್ಲಿನ ಇಬ್ಬರಿಗೂ ಸೇರಿ ಒಂದೇ ಮೈಕು, ಅವರು ತಮ್ಮೊಳಗೇ ದನಿ ಸರಿದೂಗಿಸಿಕೊಳ್ಳುತ್ತಾರೆ. ಗಗ್ಗರಕ್ಕೂ ತಾಳಕ್ಕೂ ಬೇರೆ ಮೈಕೇ ಇಲ್ಲ. ಅವು ಎಲ್ಲಿಟ್ಟರೂ ಎಲ್ಲ ಮೈಕಿಗೂ ಬೀಳುತ್ತವೆ. ಎದುರಿಗೆ ಎರಡು ಮೀಟರ್ ದೂರ ನಿಲ್ಲಿಸಿದ ಸ್ಟೀರಿಯೋ ಜೋಡಿಗೆ ಸಿಕ್ಕಷ್ಟೇ ಸಾಕು. ತಾಳದ ಮೊಮ್ಮಗನನ್ನು ಮಾತ್ರ ತಾತನ ಮೈಕಿನ ಬೆನ್ನ ಹಿಂದೆ ಸರಿಯಾಗಿ ಬರುವಂತೆ ಕೂರಿಸಬೇಕು. ಅದು ಮುಂದಿನದನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಮೈಕು, ಅದಕ್ಕೆ ನೇರ ಬೆನ್ನ ಹಿಂದಿನ ಸದ್ದೇ ಎಲ್ಲಕ್ಕಿಂತ ಕಡಿಮೆ ಕೇಳುವುದು. ಒಂದು ಮೊಳ ಪಕ್ಕಕ್ಕೆ ಸರಿದರೂ ತಾತನ ದನಿಯ ಮೇಲೆ ತಾಳ ಸವಾರಿ ಮಾಡುತ್ತದೆ.

ಒಟ್ಟು ಆರು ಟ್ರ್ಯಾಕ್. 48 ಕಿಲೋಹರ್ಟ್ಸ್, 24 ಬಿಟ್. ಗಂಟೆಗೆ ಸುಮಾರು 3.1 ಜಿಬಿ.

ಮೂರನೇ ದಿನ

ಹಗಲೆಲ್ಲ ಸುಮ್ಮನಿರುವುದು. ತಾತ ಮಲಗಿದರು, ಮೇಳದವರೂ ಮಲಗಿದರು. ರೆಕಾರ್ಡರ್ ನಡೆಯುವುದು ಬ್ಯಾಟರಿಯಿಂದ. ಹಳ್ಳಿಯ ಮನೆಗಳಲ್ಲಿ ಅರ್ಥಿಂಗ್ ನೆಚ್ಚುವಂತಿರುವುದಿಲ್ಲ, ಪ್ಲಗ್ಗಿಗೆ ಚುಚ್ಚಿದರೆ ಎಲ್ಲ ಟ್ರ್ಯಾಕಿನಲ್ಲೂ 50 ಹರ್ಟ್ಸ್ ಗುಂಯ್ ಕೂರುತ್ತದೆ. ಮೂರು ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುವ ವಾರವಾದರೆ ಸುತ್ತಲ ಪಂಪ್‌ಸೆಟ್‌ಗಳೆಲ್ಲ ಹನ್ನೊಂದಕ್ಕೆ ಒಟ್ಟಿಗೆ ಶುರುವಾಗುತ್ತವೆ. ಯಾವ ವಾರ ಯಾವ ಪಾಳಿ ಎಂದು ಲೈನ್‌ಮನ್ ಹತ್ತಿರ ಮೊದಲೇ ವಿಚಾರಿಸಿದ್ದರಿಂದ ಆ ರಾತ್ರಿ ತೊಂದರೆಯಾಗಲಿಲ್ಲ.

ಒಂಬತ್ತೂವರೆಗೆ ಕಂಡಾಯಕ್ಕೆ, ಅಂದರೆ ಈ ಪಂಥದ ಪವಿತ್ರ ಲಾಂಛನಕ್ಕೆ ಪೂಜೆ, ತಂಬೂರಿಗೆ ವಿಭೂತಿ. ಧೂಪ ಹಾಕದೆ ತಾತ ತಂಬೂರಿ ಮುಟ್ಟುವುದಿಲ್ಲ. ಕಂಡೆನ್ಸರ್ ಮೈಕಿಗೆ ಹೊಗೆ ಆಗದು, ತೆಳ್ಳನೆಯ ಪೊರೆಯ ಮೇಲೆ ಕೂತರೆ ಚಟಚಟ ಸದ್ದು ಬರುತ್ತದೆ. ಇದಕ್ಕೆ ಧೂಪ ಬೇಡವೆನ್ನುವುದು ಉತ್ತರವಲ್ಲ. ಪೂಜೆ ಮುಗಿದು ಹೊಗೆ ಆರುವವರೆಗೆ ಮೈಕುಗಳಿಗೆ ಪ್ಲಾಸ್ಟಿಕ್ ಚೀಲ ಹಾಕಿ ಇಪ್ಪತ್ತು ನಿಮಿಷ ಕಾಯುವುದು. ಮನೆಯವರು, ನೆರೆಯವರು ಹದಿನೈದು ಮಂದಿ ಗೋಡೆಗೆ ಒರಗಿ ಕೂತರು. ಅವರಿರಬೇಕು. ಕೇಳುವವರಿಲ್ಲದೆ ಹಾಡಿದ ಕಥೆಯಲ್ಲಿ ಮಾತಿನ ಭಾಗ ಬಡವಾಗುತ್ತದೆ, ಯಾರಿಗೆ ಹೇಳಬೇಕೆಂದು ಹೇಳುವವರಿಗೇ ತೋಚುವುದಿಲ್ಲ. ಹದಿನೈದು ಮೈ ಇದ್ದರೆ ಕೋಣೆಯ ಗುಂಗೂ ತಗ್ಗುತ್ತದೆ.

ಶುರುವಿನ ಸ್ತುತಿಯಲ್ಲಿ ಮೀಟರ್ ಮೈನಸ್ 18 ಡೆಸಿಬೆಲ್ ಸುತ್ತ ಆಡುತ್ತಿತ್ತು. ಎತ್ತರದ ಪೆಟ್ಟುಗಳು ಮೈನಸ್ 12 ದಾಟದಂತೆ ಇಟ್ಟುಕೊಂಡರೆ ಸಾಕು, ಅದಕ್ಕಿಂತ ಹತ್ತಿರ ಹೋದರೆ ನಡುರಾತ್ರಿ ಪೆಟ್ಟು ತಿನ್ನಬೇಕಾಗುತ್ತದೆ. ಯಾಕೆಂದರೆ ಈ ಮೇಳ ಕಾವೇರುತ್ತ ಹೋಗುತ್ತದೆ. ಲಯವೂ ಏರುತ್ತದೆ, ಶ್ರುತಿಯೂ ಏರುತ್ತದೆ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹತ್ತು ಗಂಟೆಗೆ ಬಿಳಿ ಮೂರರಿಂದ ಸ್ವಲ್ಪ ಮೇಲಿದ್ದ ಶ್ರುತಿ ಹನ್ನೆರಡೂವರೆಗೆ ಬಿಳಿ ನಾಲ್ಕನ್ನು ಮುಟ್ಟಿತ್ತು. ಗಂಟಲು ತೆರೆದಂತೆ ತಾತ ಮಾತಿನ ನಡುವೆಯೇ ಬಿರಡೆ ತಿರುವಿ ತಂಬೂರಿಯನ್ನು ಏರಿಸಿಕೊಳ್ಳುತ್ತಾರೆ. ಹೀಗಿರುವಾಗ ಹತ್ತು ಗಂಟೆಗೆ ಹಾಡಿದ ತುಂಡಿಗೆ ಒಂದು ಗಂಟೆಗೆ ಹಾಡಿದ ತುಂಡು ಅಂಟಿಸಲಾಗದು, ಅಂಟಿಸಿದರೆ ಸೇರುವ ಕಡೆ ಎಡವಿದಂತೆ ಕೇಳುತ್ತದೆ. ಒಂದು ಸಾಲು ಒಂದೇ ಕೂತದ್ದರಲ್ಲಿ ಬರಬೇಕು. ಮೆಟ್ರೊನೋಮ್ ಹಾಕಿ ಲಯ ಕಟ್ಟಿಹಾಕುವುದಂತೂ ಮಾತೇ ಇಲ್ಲ. ಪಾಂಚಾಳರು ಕಬ್ಬಿಣ ಇಲ್ಲವೆನ್ನುವಲ್ಲಿ ಲಯ ತಗ್ಗಬೇಕು, ಸಿದ್ದಪ್ಪಾಜಿಗೆ ಸಿಟ್ಟು ಬರುವಲ್ಲಿ ಓಡಬೇಕು. ಕಥೆಯೇ ತಾಳಗಾರ.

ಹಲಗೂರಿನ ಸಾಲಿಗೆ ಬಂದದ್ದು ಹನ್ನೊಂದೂ ಮುಕ್ಕಾಲಿಗೆ. ನಡುವೆ ಎರಡು ಸಲ ದಮ್ಮಡಿ ಬದಲಾಯಿತು. ಬದಲಾಗುವಾಗ ಗಗ್ಗರ ಒಂದೇ ಲಯ ಹಿಡಿದು ನಿಂತಿತು, ಕೇಳಿದವರಿಗೆ ಅದೂ ಪದದ ಭಾಗವೆಂದೇ ಅನಿಸಬೇಕು. ಒಂದು ಕಡೆ ತಾತನಿಗೆ ಕೆಮ್ಮು ಬಂತು. ಆಗ ಸೊಲ್ಲಿನ ಗೆಳೆಯರೊಬ್ಬರು ಕಣ್ಣಲ್ಲೂ ಕೇಳದೆ ಮುಂದಿನ ಎರಡು ಸಾಲು ತಾವೇ ಹೇಳಿ, ಮೂರನೆಯದನ್ನು ತಾತನ ಕೈಗೆ ವಾಪಸು ಕೊಟ್ಟರು. ಅಷ್ಟು ವರ್ಷ ಜೊತೆಗಿದ್ದವರಿಂದ ಮಾತ್ರ ಆಗುವ ಕೆಲಸ ಅದು.

ಫೈಲಿನ ಅಳತೆ ಇಲ್ಲಿ ನೆನಪಿರಬೇಕು. ಮಾಮೂಲಿ ವೇವ್ ಫೈಲ್ 4 ಜಿಬಿ ಮೀರುವುದಿಲ್ಲ. ಆರು ಟ್ರ್ಯಾಕನ್ನು ಒಂದೇ ಫೈಲಿಗೆ ಬರೆದರೆ 80 ನಿಮಿಷಕ್ಕೆ ತುಂಬಿ ರೆಕಾರ್ಡರ್ ಹೊಸ ಫೈಲ್ ತೆರೆಯುತ್ತದೆ. ಒಳ್ಳೆಯ ಯಂತ್ರವಾದರೆ ಹೊಲಿಗೆ ಕಾಣುವುದಿಲ್ಲ, ಆದರೆ ನೆಚ್ಚಿಕೊಂಡು ಕೂರುವುದಕ್ಕಿಂತ ಪ್ರತಿ ಸಾಲು ಮುಗಿದು ವೀಳ್ಯದೆಲೆಗೆ ನಿಲ್ಲಿಸುವಾಗ ಹೊಸದಾಗಿ ಶುರುಮಾಡುವುದು ಕ್ಷೇಮ. ಮೂರು ಗಂಟೆಗೆ ಮಂಗಳ ಹಾಡಿದರು. ಆಮೇಲೆ ಎಲ್ಲರನ್ನೂ ಒಂದು ನಿಮಿಷ ಕೂತಲ್ಲೇ ಕೂರಿಸಿ ಕೋಣೆಯ ಮೌನವನ್ನೂ ಹಿಡಿದದ್ದಾಯಿತು. ಮುಂದೆ ಎಲ್ಲಾದರೂ ಕತ್ತರಿ ಹಾಕಿದರೆ ತೇಪೆಗೆ ಅದೇ ಬೇಕು, ಬೇರೆ ಕೋಣೆಯ ಮೌನ ಹೊಂದುವುದಿಲ್ಲ.

ನಾಲ್ಕನೇ ದಿನ

ಮಧ್ಯಾಹ್ನ ಹೆಂಗಸರ ಸೋಬಾನೆ. ತಾತನ ಸೊಸೆ ಮತ್ತು ಇನ್ನೊಬ್ಬರು ಒಂದು ಕಡೆ, ನೆರೆಮನೆಯ ಇಬ್ಬರು ಇನ್ನೊಂದು ಕಡೆ. ಒಂದು ಜೋಡಿ ಹೇಳುತ್ತದೆ, ಇನ್ನೊಂದು ಜೋಡಿ ಅದನ್ನೇ ತಿರುಗಿ ಹೇಳುತ್ತದೆ. ಇದಕ್ಕೆ ಎಂಟರಂಕಿಯಾಕಾರದ ಒಂದೇ ಮೈಕು ಸಾಕು. ಅದು ಮುಂದೆ ಮತ್ತು ಹಿಂದೆ ಸಮನಾಗಿ ಕೇಳುತ್ತದೆ, ಎರಡು ಪಕ್ಕಕ್ಕೆ ಕಿವುಡು. ಜೋಡಿಗಳನ್ನು ಎದುರುಬದುರು ಕೂರಿಸಿ ನಡುವೆ ಮೈಕಿಟ್ಟು, ಕಿವುಡು ಪಕ್ಕವನ್ನು ಬೀದಿಯ ಬಾಗಿಲಿಗೆ ತಿರುಗಿಸಿದರೆ ಮೊಪೆಡ್ಡಿನ ಸದ್ದೂ ಅಷ್ಟಾಗಿ ಬೀಳದು. ಒಬ್ಬರು ಅವರೆಕಾಯಿ ಬಿಡಿಸುತ್ತಲೇ ಹಾಡಿದರು, ಸಿಪ್ಪೆ ಮುರಿಯುವ ಸದ್ದು ಹಾಗೇ ಇದೆ. ಕೈಗೆ ಕೆಲಸವಿಲ್ಲದೆ ಕೂರಿಸಿ ನೋಡಿದಾಗ ದನಿ ಬಿಗಿಯಾಗಿತ್ತು.

ಸಂಜೆ ನಾಲ್ಕಕ್ಕೆ ಕಂಸಾಳೆಯ ಗೆಳೆಯರು ಬಂದರು. ಅವರದು ಮಲೆ ಮಹದೇಶ್ವರನ ಪರಂಪರೆ, ಆದರೆ ಈ ಸೀಮೆಯಲ್ಲಿ ಎರಡೂ ಮೇಳ ಒಬ್ಬರಿಗೊಬ್ಬರು ಆಗಿಬರುವವು. ಕಂಸಾಳೆಯನ್ನು ಹುಳುಮನೆಯೊಳಗೆ ಹಿಡಿಯಲು ಹೋಗಬಾರದು. ಎಡ ಅಂಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಟ್ಟೆ ಬಡಿದಾಗ ಏಳುವ ಸದ್ದು ಮುಚ್ಚಿದ ಜಾಗದಲ್ಲಿ ಕಿವಿ ಕೊರೆಯುತ್ತದೆ. ಅಂಗಳದಲ್ಲಿ ಎರಡು ಮೈಕನ್ನು 17 ಸೆಂ.ಮೀ. ಅಂತರಕ್ಕೆ, 110 ಡಿಗ್ರಿ ಅಗಲಿಸಿ, ಎರಡೂವರೆ ಮೀಟರ್ ದೂರದಲ್ಲಿ ನಿಲ್ಲಿಸಿದರೆ ಆಟಗಾರ ಸುತ್ತುವುದೂ ಬಗ್ಗುವುದೂ ಕೇಳುವವರ ಕಿವಿಯಲ್ಲಿ ಚಲಿಸುತ್ತದೆ. ಬೀಸುವಾಗ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರವಾಗುತ್ತದೆ. ಅದನ್ನು ಆಮೇಲೆ ಸಮ ಮಾಡಬಾರದು.

ಐದನೇ ದಿನ

ಕೇಳಿ ಆರಿಸುವುದು. ಮೊದಲು ಹೆಡ್‌ಫೋನಿನಲ್ಲಲ್ಲ, ಮೊಬೈಲ್ ಸ್ಪೀಕರಿನಲ್ಲಿ, ಆಮೇಲೆ ಊರಿನ ಆಟೋದ ಡಬ್ಬಿಯಲ್ಲಿ. ಈ ಪದಗಳನ್ನು ಜನ ಕೇಳುವುದು ಅಲ್ಲೇ. ಮೊಬೈಲಿನಲ್ಲಿ ದಮ್ಮಡಿಯ ದಪ್ಪ ಪೆಟ್ಟು ಮಾಯವಾಗಿ ಬೆರಳಿನ ಚುರುಕು ಮಾತ್ರ ಉಳಿದಿತ್ತು, ತಂಬೂರಿ ಹೆಚ್ಚುಕಡಿಮೆ ಕಾಣೆ. ಜೀವಾಳದ ಆ ಗುಂಯ್ ಇರುವ ಭಾಗವನ್ನು ಎರಡು ಡೆಸಿಬೆಲ್ ಎತ್ತಿದಾಗ ವಾಪಸು ಬಂತು. ದನಿಯ ಟ್ರ್ಯಾಕಿಗೆ 80 ಹರ್ಟ್ಸ್ ಕೆಳಗೆ ಕತ್ತರಿಸಿದ್ದು ಬಿಟ್ಟರೆ ಹೆಚ್ಚಿನದೇನೂ ಮಾಡಲಿಲ್ಲ. ಕತ್ತರಿ ಬಿದ್ದದ್ದು ಮಾತಿನ ಜಾಗಗಳಲ್ಲಿ ಮಾತ್ರ. ಸೊಲ್ಲು ಹಾಡಿನ ಮೇಲೆ ಹತ್ತಿ ಕೂತಿರುವಲ್ಲಿ ಕತ್ತರಿಸಿದರೆ ಎರಡೂ ಸಾಯುತ್ತವೆ. ಕೆಮ್ಮಿದ ಜಾಗ ತೆಗೆಯೋಣವೇ ಎಂದಾಗ ತಾತ ಬೇಡವೆಂದರು, ಗೆಳೆಯ ಎತ್ತಿಕೊಂಡ ಸಾಲೂ ಹೋಗುತ್ತದಲ್ಲ ಎಂದು.

ಕಾಗದಪತ್ರ ಹೊರಡುವ ಮೊದಲೇ ಆಗಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು 50 ವರ್ಷ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಅವಧಿ ಬರೆಯದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಕಾನೂನು ತಿಳಿಯುತ್ತದೆ. ಒಪ್ಪಂದ ಕನ್ನಡದಲ್ಲಿ, ಆರೂ ಮಂದಿಯ ಹೆಸರಿನಲ್ಲಿ. ತಾತನ ಹೆಸರೊಂದನ್ನೇ ಬರೆದರೆ ಉಳಿದವರಿಗೆ ಮುಂದೆ ಏನೂ ದಕ್ಕದು. ಸೋಬಾನೆಯ ನಾಲ್ವರಿಗೂ ಕಂಸಾಳೆಯವರಿಗೂ ಬೇರೆ ಹಾಳೆ. ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿ ಸಹಿ ಮಾಡಿಸಿದ್ದು. ಫೈಲುಗಳ ಮೂರು ಪ್ರತಿ, ಒಂದು ತಾತನ ಮನೆಯ ಬೀರುವಿನಲ್ಲೇ.

ಮಧ್ಯಾಹ್ನ ಕಂಬಳಿ ಇಳಿಸಿ ಯಾರ ಮನೆಯದು ಯಾರಿಗೆ ಎಂದು ಹಂಚಿದರು. ತಾತ ತಂಬೂರಿಯ ತಂತಿಯನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಸುತ್ತಿ, ಕಂಡಾಯದ ಪಕ್ಕದ ಗೂಡಿನಲ್ಲಿಟ್ಟರು. ಸೋಮವಾರ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆಹುಳು ಬರುವುದಿತ್ತು. ಸೊಸೆ ಒಂಬತ್ತು ಚಂದ್ರಿಕೆಯನ್ನೂ ಬಿಸಿಲಿಗೆ ಹಾಕಿ, ಬ್ಲೀಚಿಂಗ್ ಪೌಡರ್ ಕಲಸಲು ಬಕೆಟ್ ತಂದರು.